ಹೊಸ ಹುಟ್ಟಿಗೆ ತಾರೀಖು ಬೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ಪ್ರಾರ್ಥನಾ ಕೂಟಗಳಲ್ಲಿ ಹೊಸ ಮುಖ ಕಂಡರೆ ಒಂದು ಪ್ರಶ್ನೆ ತಪ್ಪುವುದಿಲ್ಲ. ಕೊನೆಯ ಹಾಡು ಮುಗಿದು, ಚಾಪೆ ಸುತ್ತಿಟ್ಟು, ಕಾಫಿ ಲೋಟ ಕೈಗೆ ಬರುವಷ್ಟರಲ್ಲಿ ಯಾರೋ ಪಕ್ಕಕ್ಕೆ ಬಂದು ಕೇಳುತ್ತಾರೆ: “ಬ್ರದರ್, ನಿಮಗೆ ರಕ್ಷಣೆ ಆಗಿದ್ದು ಯಾವಾಗ?” ಅವರಿಗೆ ಬೇಕಾದದ್ದು ತಾರೀಖು. ಕೆಲವರು ಥಟ್ಟನೆ ಹೇಳುತ್ತಾರೆ. ವರ್ಷ, ತಿಂಗಳು, ಯಾವ ಊರಿನ ಕೂಟ, ಅವತ್ತು ಬೋಧಿಸಿದವರು ಯಾರು, ಎಲ್ಲವೂ ಬಾಯಿಪಾಠ. ಗೋಡೆಗೊರಗಿ ಕೂತ ಅಜ್ಜಿಯೊಬ್ಬರು ಮಾತ್ರ ತಡವರಿಸುತ್ತಾರೆ. “ಅದೇನೋ ಗೊತ್ತಿಲ್ಲ ಕಣಪ್ಪ, ಮೊದಲಿಂದ್ಲೂ ಯೇಸಪ್ಪನ್ನೇ ನಂಬ್ಕಂಡಿವ್ನಿ.” ಕೇಳಿದವರಿಗೆ ಆ ಉತ್ತರ ಸಾಲದು. ತನಗೆ ಆಗಬೇಕಾದದ್ದು ಇನ್ನೂ ಆಗಿಲ್ಲವೇನೋ ಎಂಬ ಅಂಜಿಕೆ ಅಜ್ಜಿಯ ಮುಖದಲ್ಲಿ ಮೂಡುತ್ತದೆ. ಅದನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಈ ಬರಹ ಆ ಅಂಜಿಕೆಯ ಸಲುವಾಗಿ.

ಪ್ರಶ್ನೆಗೆ ದೊಡ್ಡ ಹಿನ್ನೆಲೆಯೇ ಇದೆ. ಜಾನ್ ವೆಸ್ಲಿಗೆ ತಾರೀಖು ಗೊತ್ತಿತ್ತು, ಗಳಿಗೆಯೂ ಗೊತ್ತಿತ್ತು. 1738ರ ಮೇ 24, ರಾತ್ರಿ ಒಂಬತ್ತಕ್ಕೆ ಕಾಲು ಗಂಟೆ ಮುಂಚೆ. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ರೋಮಾಪುರದವರಿಗೆ ಬರೆದ ಪತ್ರಕ್ಕೆ ಲೂಥರ್ ಬರೆದ ಪೀಠಿಕೆಯನ್ನು ಯಾರೋ ಓದುತ್ತಿದ್ದರು. ಕೇಳುತ್ತ ಕೂತಿದ್ದ ವೆಸ್ಲಿಯ ಎದೆಯೊಳಗೆ ಏನೋ ಬಿಸಿಯೇರಿತು. ಕ್ರಿಸ್ತನು ತನಗಾಗಿಯೂ ಸತ್ತನೆಂಬ ನೆಚ್ಚಿಗೆ ಹುಟ್ಟಿತು. ಆ ಹೊತ್ತಿಗೆ ಆತ ಹತ್ತು ವರ್ಷದಿಂದ ದೀಕ್ಷೆ ಪಡೆದ ಪಾದ್ರಿ. ಅಮೆರಿಕದ ಜಾರ್ಜಿಯಾಕ್ಕೆ ಮಿಷನರಿಯಾಗಿ ಹೋಗಿ ಸೋತು ಬಂದವನು. ಬೇರೆಯವರ ಮನಸ್ಸು ತಿರುಗಿಸಲು ಹೋದ ನನ್ನದೇ ಮನಸ್ಸು ತಿರುಗಿರಲಿಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡ. ನಮ್ಮ ಕೂಟಗಳಲ್ಲಿ ಈ ಕಥೆ ಇಲ್ಲಿಗೆ ನಿಲ್ಲುತ್ತದೆ. ಮುಂದಿನ ಭಾಗವನ್ನು ಹೇಳುವವರು ಕಡಿಮೆ. ಎಷ್ಟೋ ವರ್ಷಗಳ ಮೇಲೆ ಅದೇ ದಿನಚರಿಯನ್ನು ಮತ್ತೆ ಅಚ್ಚಿಗೆ ಕೊಡುವಾಗ ವೆಸ್ಲಿ ಅಡಿಟಿಪ್ಪಣಿಗಳನ್ನು ಸೇರಿಸಿದ. ತಿರುಗಿರಲಿಲ್ಲ ಎಂದು ಬರೆದಿದ್ದೆನಲ್ಲ, ಅದು ಅಷ್ಟು ಖಚಿತವಲ್ಲ ಎಂದ. ಆಗಲೂ ನನ್ನಲ್ಲಿ ನಂಬಿಕೆ ಇತ್ತು, ಮಗನ ನಂಬಿಕೆಯಲ್ಲದಿದ್ದರೂ ಆಳಿನ ನಂಬಿಕೆ ಇತ್ತು ಎಂದ. ತಾರೀಖು ಹೇಳುವವರ ಪೈಕಿ ಮೊದಲಿಗನೇ ಮುಪ್ಪಿನಲ್ಲಿ ಗೆರೆಯನ್ನು ಅಷ್ಟು ಬಿಗಿಯಾಗಿ ಎಳೆಯಲು ಒಪ್ಪಲಿಲ್ಲ.

ವೆಸ್ಲಿಯ ಹೆಸರು ನಮಗೆ ದೂರದ್ದಲ್ಲ. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಎರಡಕ್ಕೂ ನೆರೆಯಾದ ಗುಬ್ಬಿಯಲ್ಲಿ 1837ರಲ್ಲಿ ವೆಸ್ಲಿಯನ್ ಮಿಷನ್ ನೆಲೆಯೂರಿತು. ಅದನ್ನು ಕಟ್ಟಿದ ಥಾಮಸ್ ಹಾಡ್ಸನ್ ಮುಂದೆ, 1859ರಲ್ಲಿ, ಕನ್ನಡದ ವ್ಯಾಕರಣವೊಂದನ್ನು ಅಚ್ಚು ಹಾಕಿಸಿದರು. 1839ರಲ್ಲಿ ಇಪ್ಪತ್ತು ವಯಸ್ಸಿನ ವಿಲಿಯಂ ಆರ್ಥರ್ ಅಲ್ಲಿಗೆ ಬಂದರು. ಕನ್ನಡ ಕಲಿತರು, ಸಂತೆಗಳಲ್ಲಿ ನಿಂತು ಮಾತಾಡಿದರು, ಕಣ್ಣು ಕೈಕೊಟ್ಟದ್ದರಿಂದ 1841ರಲ್ಲಿ ಊರಿಗೆ ಮರಳಿದರು. ಆ ಕಾಲದ ಗುಬ್ಬಿಯ ಲೆಕ್ಕ ಹಾಕಿದರೆ ಹಿಡಿಯಷ್ಟೂ ಫಲವಿಲ್ಲ. ಅದೇ ಆರ್ಥರ್ 1856ರಲ್ಲಿ ಪವಿತ್ರಾತ್ಮನ ಕೆಲಸದ ಬಗ್ಗೆ ಬರೆದ ಪುಸ್ತಕ ಇಂಗ್ಲಿಷ್ ಬಲ್ಲ ಸಭೆಗಳಲ್ಲೆಲ್ಲ ಓದಿಸಿಕೊಂಡಿತು. ಫಲ ಕಾಣದ ನೆಲದಲ್ಲಿ ಎರಡು ವರ್ಷ ನಿಂತ ಮನುಷ್ಯ, ಹೊಸ ಹುಟ್ಟು ಬೋಧಕನ ಕೈಯಲ್ಲಿಲ್ಲ ಎಂಬುದನ್ನು ಓದಿ ಮಾತ್ರ ತಿಳಿದಿರಲಾರ ಎಂದು ನನಗನ್ನಿಸುತ್ತದೆ.

ಇನ್ನೊಂದು ಹುಟ್ಟಿನ ಮಾತು ಈ ನೆಲಕ್ಕೆ ಮಿಷನರಿಗಳ ಜೊತೆಗೆ ಬಂದದ್ದೂ ಅಲ್ಲ. ಕಗ್ಗೆರೆಯ ತೋಟದಲ್ಲಿ ತಪಸ್ಸು ಮಾಡಿದ ಎಡೆಯೂರು ಸಿದ್ಧಲಿಂಗೇಶ್ವರರನ್ನು ನೆನೆಯುವ ಮನೆಗಳು ಇಲ್ಲಿ ಹೆಜ್ಜೆಗೊಂದು. ದೀಕ್ಷೆಯಾದವನು ಗುರುವಿನ ಕೈಯಲ್ಲಿ ಹುಟ್ಟಿದವನು, ಹಿಂದಿನ ಹುಟ್ಟಿನ ಎಣಿಕೆ ಅವನಿಗಿಲ್ಲ ಎಂಬ ತಿಳಿವು ಆ ಮನೆಗಳಲ್ಲಿ ತಲತಲಾಂತರದಿಂದ ಇದೆ. ಆದ್ದರಿಂದ ಮತ್ತೆ ಹುಟ್ಟಬೇಕು ಎಂದರೆ ತಿಪಟೂರಿನವರು ಬೆರಗಾಗುವುದಿಲ್ಲ. ಬೆರಗಾದವನು ಯೆರೂಸಲೇಮಿನ ನಿಕೊದೇಮ.

ಯೋಹಾನನ ಸುವಾರ್ತೆಯ ಮೂರನೆಯ ಅಧ್ಯಾಯದಲ್ಲಿ ಆತ ರಾತ್ರಿ ಹೊತ್ತು ಬರುತ್ತಾನೆ. ಹಿರಿಯ, ನ್ಯಾಯಸಭೆಯ ಸದಸ್ಯ, ಶಾಸ್ತ್ರ ಬಲ್ಲವನು, ಹತ್ತು ಜನಕ್ಕೆ ಬುದ್ಧಿ ಹೇಳುವವನು. ಯೇಸುವಿನ ಹತ್ತಿರ ಕಲಿಯಲು ಇನ್ನೇನೋ ಸ್ವಲ್ಪ ಉಳಿದಿದೆ ಎಂಬಂತೆ ಮಾತು ತೆಗೆಯುತ್ತಾನೆ. ಯೇಸು ಅದಕ್ಕೆ ಉತ್ತರ ಕೊಡುವುದೇ ಇಲ್ಲ. ಹೊಸದಾಗಿ ಹುಟ್ಟದವನಿಗೆ ದೇವರ ರಾಜ್ಯ ಕಾಣುವುದಿಲ್ಲ ಎಂದು ನೇರವಾಗಿ ಹೇಳಿಬಿಡುತ್ತಾನೆ. ಮುದುಕನೊಬ್ಬ ಮತ್ತೆ ತಾಯಿಯ ಹೊಟ್ಟೆ ಸೇರುವುದುಂಟೇ ಎಂದು ಕೇಳುವಾಗ ನಿಕೊದೇಮನ ದನಿಯಲ್ಲಿ ತರ್ಕಕ್ಕಿಂತ ಕಳವಳ ಹೆಚ್ಚಿದೆ. ಅವನು ಮಾಡಬೇಕಾದದ್ದೆಲ್ಲ ಮಾಡಿ ಮುಗಿಸಿದವನು. ಈಗ ಕೇಳಿದ್ದು ಅವನಿಂದ ಮಾಡಲಾಗದ್ದು. ಹುಟ್ಟುವ ಕೆಲಸದಲ್ಲಿ ಹುಟ್ಟುವವನ ಶ್ರಮವೇನೂ ಇಲ್ಲವಲ್ಲ. ಗಾಳಿ ತನಗೆ ಬೇಕಾದತ್ತ ಬೀಸುತ್ತದೆ. ಸದ್ದು ಕೇಳಿಸುತ್ತದೆ, ಹೊರಟ ಜಾಗ ಗೊತ್ತಾಗುವುದಿಲ್ಲ. ಆತ್ಮನಿಂದ ಹುಟ್ಟುವವರದೂ ಹಾಗೆಯೇ ಎಂಬುದು ಯೇಸು ಕೊಟ್ಟ ವಿವರಣೆ.

ಆ ರಾತ್ರಿ ನಿಕೊದೇಮ ಏನಾದ? ಯೋಹಾನ ಹೇಳುವುದಿಲ್ಲ. ಮಾತು ಮುಂದುವರಿಯುತ್ತದೆ, ನಿಕೊದೇಮ ಅದರೊಳಗೇ ಎಲ್ಲೋ ಮರೆಯಾಗುತ್ತಾನೆ. ನಾಲ್ಕು ಅಧ್ಯಾಯಗಳ ಮೇಲೆ ಸಭೆಯಲ್ಲಿ, ಒಬ್ಬನ ಮಾತು ಕೇಳದೆ ತೀರ್ಪು ಹೇಳಬಹುದೇ ಎಂದು ಮೆಲ್ಲಗೆ ಒಂದು ಪ್ರಶ್ನೆ ಎತ್ತಿ ಬೈಸಿಕೊಳ್ಳುತ್ತಾನೆ. ಹತ್ತೊಂಬತ್ತನೆಯ ಅಧ್ಯಾಯದಲ್ಲಿ, ಮೂರು ವರ್ಷ ಜೊತೆಗಿದ್ದ ಶಿಷ್ಯರೇ ದಿಕ್ಕಾಪಾಲಾಗಿರುವಾಗ, ಮೂವತ್ತು ಕಿಲೋಗೂ ಮೀರಿದ ರಕ್ತಬೋಳ ಅಗರು ಹೊತ್ತು ತಂದು, ಶಿಲುಬೆಯಿಂದ ಇಳಿಸಿದ ದೇಹಕ್ಕೆ ನಾರುಬಟ್ಟೆ ಸುತ್ತಲು ಕೈಹಾಕುತ್ತಾನೆ. ರಾತ್ರಿಯಲ್ಲಿ ಬಂದಿದ್ದವನು ಈಗ ಊರಿಗೆಲ್ಲ ಕಾಣುವಂತೆ ನಿಂತಿದ್ದಾನೆ. ಈ ಮೂರು ಜಾಗಗಳ ನಡುವೆ ಎಲ್ಲೋ ಆತ ಹುಟ್ಟಿದ. ಹೊಸ ಹುಟ್ಟಿನ ಮಾತನ್ನು ನೇರವಾಗಿ ಯೇಸುವಿನ ಬಾಯಿಂದ ಕೇಳಿದ ಮನುಷ್ಯನಿಗೇ ಸುವಾರ್ತೆ ತಾರೀಖು ಬರೆದಿಲ್ಲವೆಂದ ಮೇಲೆ ನಮ್ಮ ಅಜ್ಜಿಯರಿಂದ ಅದನ್ನು ಕೇಳುವ ಹಕ್ಕು ನಮಗೆಲ್ಲಿಂದ ಬಂತು?

ಪೇತ್ರನು ಚಿಕ್ಕ ಏಷ್ಯಾದಲ್ಲಿ ಚದುರಿಹೋಗಿದ್ದ ವಿಶ್ವಾಸಿಗಳಿಗೆ ಬರೆದ ಮೊದಲ ಪತ್ರದಲ್ಲಿ ಇದೇ ಮಾತನ್ನು ಬೀಜದ ಮೂಲಕ ಹೇಳುತ್ತಾನೆ. ನೀವು ಮತ್ತೆ ಹುಟ್ಟಿದ್ದು ಸತ್ತುಹೋಗುವ ಬೀಜದಿಂದಲ್ಲ, ದೇವರ ಮಾತೆಂಬ ಸಾಯದ ಬೀಜದಿಂದ ಎಂಬುದು ಅದರ ತಾತ್ಪರ್ಯ. ತೆಂಗಿನ ಸೀಮೆಯವರಾದ ನಮಗೆ ಇದು ಬೇಗ ಹತ್ತಿರವಾಗಬೇಕು. ನಮ್ಮ ತೋಟದಲ್ಲಿ ಒಂದೇ ಮರದ ಕಾಯಿಗೆ ಎರಡು ಹಾದಿ. ಹೆಚ್ಚಿನವು ಅಟ್ಟ ಸೇರುತ್ತವೆ. ಮಟ್ಟೆ ಸಮೇತ ರಾಶಿ ಬಿದ್ದು, ಹೆಚ್ಚುಕಮ್ಮಿ ವರ್ಷದ ತನಕ ಅಲ್ಲೇ ಒಣಗಿ, ಒಳಗಿನ ನೀರೆಲ್ಲ ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗುಡುಗುಡು ಸದ್ದು ಬಂದ ಮೇಲೆ ಸುಲಿದು ಚಿಪ್ಪೊಡೆದರೆ ಉಂಡೆ ಕೊಬ್ಬರಿ. ತಿಪಟೂರಿನ ಹೆಸರು ದೆಹಲಿ ತನಕ ಹೋಗಿರುವುದು ಆ ಕೊಬ್ಬರಿಯಿಂದ. ಇನ್ನು ಕೆಲವನ್ನು ಬಿತ್ತನೆಗೆಂದು ಎತ್ತಿಡುತ್ತಾರೆ. ವರ್ಷ ವರ್ಷ ತಪ್ಪದೆ ಫಲ ಕೊಟ್ಟ ತಾಯಿಮರದ ಬಲಿತ ಕಾಯಿಗಳು ಅವು. ಮುಂಗಾರಿನ ಹೊತ್ತಿಗೆ ಮಡಿಯಲ್ಲಿ ಅರ್ಧ ಹೂತು ನೀರು ಕೊಡುತ್ತಾರೆ. ಚಿಪ್ಪಿನ ಮೂರು ಕಣ್ಣುಗಳಲ್ಲಿ ಮೆತ್ತಗಿರುವ ಒಂದರ ಹಿಂದೆ ಮೊಳಕೆ ಮಿಸುಕುತ್ತದೆ. ಒಳಗಿದ್ದ ನೀರಿನ ಜಾಗವನ್ನು ಮಕ್ಕಳು ಆಸೆಪಟ್ಟು ತಿನ್ನುವ ಬಿಳಿಯ ಮೆತ್ತನೆಯ ಗೆಡ್ಡೆ ತುಂಬಿಕೊಳ್ಳುತ್ತದೆ. ಹೊರಗೆ ಮಾತ್ರ ಅದೇ ಒರಟು ಮಟ್ಟೆ. ಅದನ್ನು ಸೀಳಿಕೊಂಡು ಹಸಿರು ತುದಿ ಇಣುಕುವ ಹೊತ್ತಿಗೆ ಒಳಗೆ ವಾರಗಟ್ಟಲೆ ಕೆಲಸ ನಡೆದಿರುತ್ತದೆ. ಕಾಯಿ ಯಾವತ್ತು ಮೊಳೆಯಿತು ಎಂದು ತೋಟದವನನ್ನು ಕೇಳಿದರೆ, ಕಂಡ ದಿನ ಹೇಳಬಲ್ಲ. ಮೊಳೆತ ದಿನ ಹೇಳಲಾರ.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಪ್ರಸಂಗಗಳಲ್ಲಿ ಈ ಹೋಲಿಕೆಯನ್ನು ಮನುಷ್ಯನ ಮೇಲೆ ಹೊರಿಸಿ, ನಿನ್ನೊಳಗೇ ಮೊಳಕೆಯಿದೆ, ಎಚ್ಚರಿಸಿಕೋ ಎಂದು ಮುಗಿಸಿಬಿಡುತ್ತಾರೆ. ಪೇತ್ರ ಹೇಳಿದ್ದು ಅದಲ್ಲ. ಅವನ ಪ್ರಕಾರ ಬೀಜ ನಾವಲ್ಲ. ಬೀಜ ದೇವರ ವಾಕ್ಯ. ನಾವು ಮಣ್ಣು. ಮಣ್ಣಿಗೆ ತನ್ನಷ್ಟಕ್ಕೆ ತಾನು ಮೊಳೆಯುವ ಶಕ್ತಿಯಿಲ್ಲ. ಸತ್ಯದ ಮಾತಿನಿಂದ ನಮ್ಮನ್ನು ಹೆತ್ತದ್ದು ದೇವರು ತನ್ನ ಸ್ವಂತ ಚಿತ್ತದಿಂದ ಎಂದು ಯಾಕೋಬನೂ ತನ್ನ ಪತ್ರದ ಮೊದಲ ಅಧ್ಯಾಯದಲ್ಲಿ ಬರೆಯುತ್ತಾನೆ. ಈ ಮಾತು ಮೊದಲಿಗೆ ನಮ್ಮನ್ನು ಕುಗ್ಗಿಸುತ್ತದೆ. ಆಮೇಲೆ ಭುಜದ ಮೇಲಿನ ಭಾರ ಇಳಿಸುತ್ತದೆ. ನನ್ನ ನಂಬಿಕೆಯ ಬಿಸಿ ಆರಿದ ದಿನವೂ ನಾನು ಅವನ ಮಗನೇ, ಏಕೆಂದರೆ ಹುಟ್ಟಿಸಿದ್ದು ನನ್ನ ಬಿಸಿಯಲ್ಲ.

ಯೋಹಾನ ತನ್ನ ಮೊದಲ ಅಧ್ಯಾಯದಲ್ಲೇ ದೇವರ ಮಕ್ಕಳ ಹುಟ್ಟಿನಿಂದ ಮೂರು ಕಾರಣಗಳನ್ನು ಹೊರಗಿಡುತ್ತಾನೆ: ರಕ್ತಸಂಬಂಧ, ದೇಹದ ಬಯಕೆ, ಗಂಡಸಿನ ಸಂಕಲ್ಪ. ಮೊದಲನೆಯದು ನಮ್ಮ ಸಭೆಗಳಿಗೆ ಚೆನ್ನಾಗಿ ನಾಟಬೇಕು. ನಮ್ಮದು ಮೂರು ತಲೆಮಾರಿನ ಕ್ರೈಸ್ತ ಮನೆತನ ಎಂದು ಎದೆಯುಬ್ಬಿಸುವವರಿದ್ದಾರೆ. ದೀಕ್ಷಾಸ್ನಾನದ ನೀರು ಆರುವ ಮೊದಲೇ, ಅವರು ಮೊದಲು ಯಾವ ಜನ ಎಂದು ಪಿಸುಗುಟ್ಟುವವರಿದ್ದಾರೆ. ಗಂಡು ಹೆಣ್ಣಿನ ಮಾತುಕತೆಯ ಹೊತ್ತಿಗೆ ಕರ್ತನ ಭೋಜನದ ಪಂಕ್ತಿ ಮರೆತು ಹಳೆಯ ಕೇರಿಯ ಲೆಕ್ಕ ತೆಗೆಯುವವರೂ ಇದ್ದಾರೆ. ಹಳೆಯ ರಕ್ತವನ್ನು ಕೆದಕಿ ನೋಡುವಷ್ಟು ಬೆಲೆ ಅದಕ್ಕಿನ್ನೂ ಇದ್ದರೆ ನಾವು ಹುಟ್ಟಿದ್ದಾದರೂ ಯಾವುದರಿಂದ? ಇದನ್ನು ನೋವಿನಿಂದಲೇ ಕೇಳುತ್ತಿದ್ದೇನೆ.

ಇನ್ನು ಹೊಟ್ಟೆಯ ಮಾತು. ಫ್ರಾನ್ಸಿನ ಅಬ್ಬೆ ದ್ಯುಬುವಾ 1792ರಲ್ಲಿ ದಕ್ಷಿಣ ಭಾರತಕ್ಕೆ ಬಂದು, ಟಿಪ್ಪುವಿನ ಪತನದ ನಂತರ ಮೈಸೂರು ಸೀಮೆಯಲ್ಲಿ ಜನರ ಉಡುಗೆ ಉಟ್ಟು, ಜನರ ಊಟ ಉಂಡು ಬಾಳಿದ ಪಾದ್ರಿ. ಸಿಡುಬಿನ ಲಸಿಕೆಯನ್ನು ಹಳ್ಳಿಗಳಲ್ಲಿ ಹರಡಲು ದುಡಿದವರು. 1823ರಲ್ಲಿ ಊರಿಗೆ ಮರಳಿದ ಮೇಲೆ ಅಚ್ಚಾದ ಅವರ ಪತ್ರಗಳ ಪುಸ್ತಕದಲ್ಲಿ ಕೈಚೆಲ್ಲಿದ ಮಾತಿದೆ: ಈ ನಾಡಿನವರು ಕ್ರಿಸ್ತನ ಕಡೆಗೆ ತಿರುಗುವುದು ಆಗಹೋಗದ ಕೆಲಸ. ತಾವು ದೀಕ್ಷೆ ಕೊಟ್ಟ ಇನ್ನೂರು ಮುನ್ನೂರು ಜನರಲ್ಲಿ ಹೆಚ್ಚಿನವರು ಗತಿಯಿಲ್ಲದೆ ಬಂದವರು. ಬೈಬಲನ್ನು ದೇಶಭಾಷೆಗಳಿಗೆ ತಂದು ಹಂಚುವುದರಿಂದಲೂ ಪ್ರಯೋಜನವಿಲ್ಲ. ಪ್ರಾಮಾಣಿಕ ಮನುಷ್ಯ, ಬಡಾಯಿ ಕೊಚ್ಚುವ ವರದಿಗಳಿಗಿಂತ ಈ ಸೋಲಿನ ಒಪ್ಪಿಗೆಯನ್ನು ನಾನು ಹೆಚ್ಚು ಗೌರವಿಸುತ್ತೇನೆ. ಅವರು ಹೀಗೆ ಬರೆಯುತ್ತಿದ್ದ ಕಾಲಕ್ಕೇ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದರು. 1810ರಲ್ಲಿ ಊರಿಗೆ ಕಾಲಿಟ್ಟವರು, ವಿಲಿಯಂ ರೀವ್ ಮೊದಲಾದವರ ನೆರವಿನಿಂದ ಇಡೀ ಗ್ರಂಥವನ್ನು ಅಚ್ಚಿನಲ್ಲಿ ಕಂಡದ್ದು 1831ರ ಹೊತ್ತಿಗೆ. ಆಗುವುದಿಲ್ಲ ಎಂದವರೂ ಕನ್ನಡನಾಡಿನಲ್ಲಿ ಬೆವರು ಸುರಿಸಿದವರೇ, ಆಗಲಿ ಎಂದು ಬರೆದವರೂ ಅಷ್ಟೇ.

ದ್ಯುಬುವಾ ಅವರ ಆಕ್ಷೇಪ ಅರ್ಧ ಶತಮಾನದ ಮೇಲೆ ನಮ್ಮ ಜಿಲ್ಲೆಗೇ ಬಂತು. 1876ರಿಂದ 78ರ ತನಕದ ಧಾತು ಈಶ್ವರ ಬರಗಾಲ ಮೈಸೂರು ಸಂಸ್ಥಾನವನ್ನು ಸುಟ್ಟಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಜನಸಂಖ್ಯೆ 1881ಕ್ಕೆ 41.86 ಲಕ್ಷಕ್ಕೆ ಇಳಿಯಿತು. ತಂದೆತಾಯಿ ಸತ್ತು ಬೀದಿಪಾಲಾದ ಮಕ್ಕಳನ್ನು ವೆಸ್ಲಿಯನ್ನರು ಎತ್ತಿಕೊಂಡರು. ಗಂಡುಮಕ್ಕಳಿಗೆ ತುಮಕೂರಿನಲ್ಲಿ, ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯ ನಡೆಸಿದರು. ಗಂಜಿಗೆ ಬಂದವರು ಎಂಬ ಕುಹಕ ಆ ಮಕ್ಕಳ ಮೊಮ್ಮಕ್ಕಳಿಗೂ ತಪ್ಪಲಿಲ್ಲ.

ಅನ್ನ ತೋರಿಸಿ ನಂಬಿಕೆ ಕೊಳ್ಳುವವನು ತನ್ನ ಗ್ರಂಥವನ್ನೇ ನಂಬದವನು. ದೇವರ ಚಿತ್ತದಿಂದ ಆಗುವುದನ್ನು ತಾನು ಚೀಲದಿಂದ ಮಾಡಿಸಹೊರಟವನು. ಅದಕ್ಕೆ ನನ್ನಲ್ಲಿ ಕ್ಷಮೆಯಿಲ್ಲ. ಆದರೆ ಹಸಿದು ಬಂದವನ ಮಾತೇ ಬೇರೆ. ಲೂಕನ ಹದಿನೈದನೆಯ ಅಧ್ಯಾಯದ ಕಿರಿಯ ಮಗ ಮನೆಗೆ ತಿರುಗಿದ್ದು ಯಾಕೆ? ಆ ದೇಶಕ್ಕೆ ಬರ ಬಂದಿತ್ತು. ಹಂದಿಗಳ ಮೇವನ್ನಾದರೂ ತಿನ್ನುವಷ್ಟು ಹಸಿವು. ಅಪ್ಪನ ಮನೆಯ ಆಳುಗಳಿಗೆ ಹೊಟ್ಟೆ ತುಂಬ ಊಟವಿದೆ ಎಂಬ ನೆನಪೇ ಅವನನ್ನು ಎಬ್ಬಿಸಿದ್ದು. ಅವನು ಕ್ಷಮೆಯ ಮಾತುಗಳನ್ನು ದಾರಿಯುದ್ದಕ್ಕೂ ಉರುಹೊಡೆದಿದ್ದ; ಅಪ್ಪ ಅದನ್ನು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ, ದೂರದಲ್ಲೇ ಕಂಡು ಓಡಿ ಬಂದ. ಬಂದ ಉದ್ದೇಶ ಶುದ್ಧವೋ ಅಶುದ್ಧವೋ ಎಂದು ಆ ಅಪ್ಪ ವಿಚಾರಣೆ ಮಾಡಲಿಲ್ಲ. ಸತ್ತಿದ್ದವನು ಬದುಕಿ ಬಂದನೆಂದು ಊರಿಗೆಲ್ಲ ಸಾರಿದ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. ಎಲ್ಲವೂ ದೇವರ ಚಿತ್ತವಾದರೆ ಒಬ್ಬನಿಗೆ ಏಕೆ, ಪಕ್ಕದಲ್ಲೇ ಕೂತು ಅದೇ ವಾಕ್ಯ ಕೇಳಿದ ಇನ್ನೊಬ್ಬನಿಗೆ ಏಕಿಲ್ಲ? ದೇವರೇ ಆರಿಸಿಕೊಳ್ಳುತ್ತಾನೆ ಎಂಬ ಕ್ಯಾಲ್ವಿನ್ ಪರಂಪರೆ ಲಂಡನ್ ಮಿಷನ್ನಿನವರ ಬೆನ್ನಿಗಿತ್ತು. ಕೃಪೆ ಎಲ್ಲರಿಗೂ ತೆರೆದಿದೆ, ಮನುಷ್ಯ ಅದನ್ನು ತಳ್ಳಿಬಿಡಲೂ ಬಲ್ಲ ಎಂದು ವೆಸ್ಲಿ 1739ರಿಂದಲೇ ಗೆಳೆಯ ವಿಟ್‌ಫೀಲ್ಡ್ ಜೊತೆ ವಾದಕ್ಕೆ ನಿಂತಿದ್ದ. ಬಳ್ಳಾರಿಯವರು ಅನುವಾದಿಸಿದ ಗ್ರಂಥವನ್ನು ಗುಬ್ಬಿಯವರು ಓದಿ ಬೋಧಿಸಿದರು. ಇಬ್ಬರ ಸಭೆಗಳೂ 1947ರ ಸೆಪ್ಟೆಂಬರ್ 27ರಂದು ದಕ್ಷಿಣ ಭಾರತ ಸಭೆಯೊಳಗೆ ಒಂದಾದವು. ವಾದ ಮುಗಿದು ಒಂದಾದದ್ದಲ್ಲ, ವಾದವನ್ನು ಹಾಗೇ ಇಟ್ಟುಕೊಂಡು ಒಂದೇ ಪಂಕ್ತಿಯಲ್ಲಿ ಕೂತದ್ದು. ನನಗೂ ಇದು ಬಗೆಹರಿದಿಲ್ಲ. ಫಿಲಿಪ್ಪಿಯ ಹೊಳೆದಂಡೆಯಲ್ಲಿ ಪೌಲನ ಮಾತು ಕೇಳಲು ಹಲವು ಹೆಂಗಸರು ಕೂತಿದ್ದರು. ಧೂಮ್ರವರ್ಣದ ಬಟ್ಟೆ ಮಾರುವ ಲುದ್ಯಳ ಹೃದಯವನ್ನು ಕರ್ತನು ತೆರೆದನೆಂದು ಅಪೊಸ್ತಲರ ಕೃತ್ಯಗಳು ಹೇಳುತ್ತದೆ. ಉಳಿದವರ ವಿಷಯದಲ್ಲಿ ಆ ಪುಸ್ತಕ ಒಂದು ಮಾತೂ ಆಡುವುದಿಲ್ಲ. ತೀರ್ಪನ್ನೂ ಕೊಡುವುದಿಲ್ಲ. ನಾವೂ ಕೊಡಬಾರದು. ಹೊಳೆದಂಡೆಗೆ ಹೋಗಿ ಮಾತಾಡುವುದು ಪೌಲನ ಪಾಲಿಗೆ ಬಿದ್ದಿತ್ತು, ಆತ ಹೋದ.

ಪಂಡಿತಾ ರಮಾಬಾಯಿಯವರ ಬದುಕಿನಲ್ಲಿ ಈ ಎಲ್ಲ ಎಳೆಗಳೂ ಕೂಡಿವೆ. ಅವರು ಹುಟ್ಟಿದ್ದು 1858ರ ಏಪ್ರಿಲ್ 23ರಂದು, ಕಾರ್ಕಳದ ಮಾಳದ ಕಾಡಿನ ಗಂಗಾಮೂಲದಲ್ಲಿ. ಹೆಣ್ಣುಮಕ್ಕಳಿಗೂ ಸಂಸ್ಕೃತ ಕಲಿಸಬೇಕೆಂದು ಹಟ ಹಿಡಿದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು. ಪುರಾಣ ಓದುತ್ತ ತೀರ್ಥಯಾತ್ರೆಯಲ್ಲಿದ್ದ ಆ ಕುಟುಂಬವನ್ನು 1874ರ ಬರ ಹಿಡಿಯಿತು. ಅಪ್ಪ, ಅಮ್ಮ, ಆಮೇಲೆ ಅಕ್ಕ, ಒಬ್ಬರ ಹಿಂದೊಬ್ಬರು ಹೋದರು. ಆ ಹಸಿವು ಅವರನ್ನು ಯಾವ ಮಿಷನ್ನಿನ ಬಾಗಿಲಿಗೂ ತಂದು ನಿಲ್ಲಿಸಲಿಲ್ಲ. ಲೂಕನ ಸುವಾರ್ತೆಯ ಬಂಗಾಳಿ ಪ್ರತಿಯೊಂದು ಸಿಲ್ಚಾರಿನಲ್ಲಿ ಗಂಡನ ಪುಸ್ತಕಗಳ ನಡುವೆ ಕೈಗೆ ಸಿಕ್ಕಿತು, ಓದಿದರು. 1882ರಲ್ಲಿ ಗಂಡ ತೀರಿಕೊಂಡರು. 1883ರ ಸೆಪ್ಟೆಂಬರ್ 29ರಂದು ಇಂಗ್ಲೆಂಡಿನ ವಾಂಟೇಜಿನಲ್ಲಿ ಮಗಳು ಮನೋರಮೆಯೊಂದಿಗೆ ದೀಕ್ಷಾಸ್ನಾನ ಪಡೆದರು. ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. 1907ರಲ್ಲಿ ಬರೆದ ಸಾಕ್ಷಿಯಲ್ಲಿ ಅವರು, ದೀಕ್ಷಾಸ್ನಾನದ ದಿನ ತನಗೆ ಸಿಕ್ಕಿದ್ದು ಕ್ರೈಸ್ತ ಧರ್ಮ, ಕ್ರಿಸ್ತನಲ್ಲ ಎಂದು ಒಪ್ಪಿಕೊಂಡರು. ಸುಮಾರು ಎಂಟು ವರ್ಷ, ಶಾರದಾ ಸದನ ಕಟ್ಟಿ ವಿಧವೆಯರಿಗೆ ಆಸರೆಯಾಗಿ, ಹೊರಗಿನವರ ಕಣ್ಣಿಗೆ ಪೂರ್ಣ ಕ್ರೈಸ್ತಳಾಗಿ ಬಾಳಿದ ಮೇಲೆ, ವಾಕ್ಯ ಓದುತ್ತಿದ್ದಾಗ ತನ್ನ ಕೈಲಾಗದ್ದನ್ನು ಕ್ರಿಸ್ತನು ಆಗಲೇ ಮಾಡಿ ಮುಗಿಸಿದ್ದಾನೆಂಬುದು ಹೊಳೆಯಿತಂತೆ.

ಅದರ ಮೇಲೆ ಅವರು ಮಾಡಿದ ಕೆಲಸವೇ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು. ಪುಣೆಯ ಹತ್ತಿರ ಕೇಡಗಾಂವಿನ ಮುಕ್ತಿ ಸದನದಲ್ಲಿ, ಬರದಿಂದ ಎತ್ತಿ ತಂದ ಹೆಣ್ಣುಮಕ್ಕಳ ನಡುವೆ ಕೂತು, ಹೀಬ್ರೂ ಗ್ರೀಕ್ ಕಲಿತು, ಬೈಬಲನ್ನು ಹಳ್ಳಿಯ ಹೆಂಗಸರಿಗೆ ಅರ್ಥವಾಗುವ ಸರಳ ಮರಾಠಿಗೆ ತರಲು ಹೊರಟರು. ಅಚ್ಚುಮೊಳೆ ಜೋಡಿಸಿದ್ದು, ಯಂತ್ರ ತಿರುಗಿಸಿದ್ದು ಅಲ್ಲಿನ ಹೆಣ್ಣುಮಕ್ಕಳೇ. ಮಗಳು ಮನೋರಮೆ 1921ರಲ್ಲಿ ತಾಯಿಗಿಂತ ಮೊದಲೇ ಹೋದಳು. ಕೆಲಸ ನಿಲ್ಲಲಿಲ್ಲ. 1922ರ ಏಪ್ರಿಲ್ 5ರಂದು ರಮಾಬಾಯಿ ಕಣ್ಣು ಮುಚ್ಚುವ ಹೊತ್ತಿಗೆ ಅನುವಾದ ಮುಗಿದಿತ್ತು.